ಸಾಲ ತಂದ ಹೆಪ್ಪು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಕಸದ ಲಾರಿಯ ಸದ್ದು ಕೇಳಿಸಿತು. ಗಂಡನನ್ನು ಮಣ್ಣು ಮಾಡಿದ ದಿನವೂ ಅದು ಬಂದಿರಬೇಕು. ನನ್ನ ಕಿವಿಗೆ ಬಿದ್ದದ್ದು ಆ ಬೆಳಿಗ್ಗೆಯೇ. ಎದ್ದು ಕಾಫಿಗೆ ಎರಡು ಲೋಟ ನೀರಿಟ್ಟೆ. ತಪ್ಪಾಯಿತೆಂದು ಒಂದು ಲೋಟ ಚೆಲ್ಲಿದೆ. ಅತ್ತೆ ಇನ್ನೂ ಮನೆಯಲ್ಲೇ ಇದ್ದಾರೆಂದು ನೆನಪಾಗಿ ಮತ್ತೆ ಒಂದು ಲೋಟ ಸೇರಿಸಿದೆ.

ಹೊರಕೋಣೆಯಲ್ಲಿ ಗಾಜಿನ ತೊಟ್ಟಿ ಗುಳುಗುಳು ಎನ್ನುತ್ತಿತ್ತು. ಅದರಲ್ಲಿ ನೀರಿತ್ತು, ಮರಳಿತ್ತು, ಬೇರು ಬಿಡುತ್ತಿದ್ದ ನಾಲ್ಕಾರು ಗಿಡಗಳಿದ್ದವು. ಒಂದು ಮೂಲೆಯಲ್ಲಿ ನೀರು ಸೋಸುವ ಹೊಸ ನೀಲಿ ಸ್ಪಂಜು, ಇನ್ನೊಂದರಲ್ಲಿ ಹಳೆಯ ಕಂದು ಸ್ಪಂಜು. ಎರಡರಿಂದಲೂ ಗುಳ್ಳೆ ಏಳುತ್ತಿದ್ದವು. ಮೀನು ಮಾತ್ರ ಇರಲಿಲ್ಲ.

"ಮೀನೇ ಇಲ್ವಲ್ಲೇ. ಯಾರ ಸುಖಕ್ಕೆ ಈ ಕರೆಂಟು?" ಎಂದರು ಅತ್ತೆ.

ನಾನು ಡಬ್ಬಿ ತೆರೆದು ಮೀನಿನ ಆಹಾರವನ್ನು ಒಂದು ಚಿಟಿಕೆ ನೀರಿಗೆ ಉದುರಿಸಿದೆ.

"ಇದ್ಯಾರಿಗೆ ಊಟ?"

"ಅವನು ದಿನಾ ಹಾಕ್ತಿದ್ದ, ಅತ್ತೆ."

'ಅವನು' ಎಂದು ಶುರುವಾದ ಯಾವ ಮಾತನ್ನೂ ಆ ದಿನಗಳಲ್ಲಿ ಅತ್ತೆ ಮುಂದಕ್ಕೆ ಎಳೆಯುತ್ತಿರಲಿಲ್ಲ. ಸೆರಗಿನಿಂದ ತೊಟ್ಟಿಯ ಗಾಜನ್ನು ಒರೆಸಿ ಒಳಗೆ ಹೋದರು.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಬಸ್ಸಿನ ಸೀಟಿನಲ್ಲಿ ಕೂತಂತೆಯೇ ಹೋದ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ನಿದ್ದೆಯೆಂದುಕೊಂಡು ಭುಜ ತಟ್ಟಿದನಂತೆ. ಹೃದಯ ಎಂದರು ಡಾಕ್ಟರು. ಔಷಧಿ ಡಬ್ಬಿಗಳೊಳಗೆ ಮಡಿಚಿಡುವ ಚೀಟಿಗಳನ್ನು ಅನುವಾದಿಸುವುದು ನನ್ನ ಉದ್ಯೋಗ. ಹೃದಯದ ಮೇಲೆ ಏನೇನು ಪರಿಣಾಮವಾಗಬಹುದೆಂದು ಎಷ್ಟು ಸಲ ಬರೆದಿದ್ದೇನೋ. 'ಅಪರೂಪವಾಗಿ' ಎಂಬ ಪದ ಅದರಲ್ಲಿ ಯಾವಾಗಲೂ ಇರುತ್ತದೆ.

ಆ ಕಂದು ಸ್ಪಂಜನ್ನು ಅವನು ತಂದ ದಿನ ಒಂದು ತಮಾಷೆ ನಡೆದಿತ್ತು. ಬಾಗಿಲಲ್ಲೇ ನಿಂತು, "ಹೆಪ್ಪು ತಂದೆ ಕಣೇ!" ಎಂದ. ಹಿಂದಿನ ರಾತ್ರಿ ನಮ್ಮ ಮನೆಯ ಮೊಸರು ಕೆಟ್ಟಿತ್ತು. ನಾನು ಹಾಲನ್ನು ಉಗುರುಬೆಚ್ಚಗೆ ಮಾಡಿ ಪಾತ್ರೆ ಹಿಡಿದುಕೊಂಡೇ ಬಂದೆ. ಅವನು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದ. ಒಳಗೆ ಕೆಸರು ನೀರು, ಅದರಲ್ಲಿ ಈ ಸ್ಪಂಜು.

"ಥೂ! ಏನೋ ಇದು?"

"ಹೆಪ್ಪೇ. ಹಾಲಿಗಲ್ಲ, ನೀರಿಗೆ."

ನಗು ನಿಂತ ಮೇಲೆ ವಿವರಿಸಿದ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳಿವೆ. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಹಳೆಯ ತೊಟ್ಟಿಯ ಸ್ಪಂಜು ತಂದು ಹಾಕಿದರೆ ಅಲ್ಲಿಂದ ಇಲ್ಲಿಗೆ ಹಬ್ಬುತ್ತವೆ. ಮೀನು ಬರುವ ತನಕ ಅವು ಹಸಿಯಬಾರದು, ಅದಕ್ಕೇ ದಿನಕ್ಕೊಂದು ಚಿಟಿಕೆ. ಮೀನು ಸಾಕುವವರು ಇದನ್ನು 'ಸೈಕಲ್ ಆಗೋದು' ಅನ್ನುತ್ತಾರಂತೆ. ನಮ್ಮ ಮನೆಯಲ್ಲಿ ಮಾತ್ರ ಹೆಪ್ಪಾಗುವುದು ಎಂದೇ ಆಯಿತು.

"ಯಾರು ಕೊಟ್ರು?"

"ಹಲ್ಲಿನ ಡಾಕ್ಟರಮ್ಮ. ಅವರ ಕ್ಲಿನಿಕ್ಕಿನ ಲಿಫ್ಟ್ ನಂದೇ. ಸಾಲ ಅಂತ ಕೊಟ್ಟಿದ್ದಾರೆ. ನಮ್ಮದು ಹೆಪ್ಪಾದ ಮೇಲೆ ವಾಪಸ್ ಕೊಡಬೇಕು."

ಸಾಕುಮೀನಿನ ಅಂಗಡಿಯಲ್ಲಿ ಅವನು ಒಂದು ಸಣ್ಣ ಹಿಂಡನ್ನು ಹೇಳಿಟ್ಟಿದ್ದ. ಉಗುರಿನಷ್ಟುದ್ದದ, ಕೆಂಡದ ಬಣ್ಣದ ಮೀನುಗಳು. ಬಹಳ ಸೂಕ್ಷ್ಮದವು, ಹೊಸ ನೀರಿಗೆ ತಡೆಯುವುದಿಲ್ಲ. ನೀರಿನ ಪರೀಕ್ಷೆಗೆ ಒಂದು ಗಾಜಿನ ಕೊಳವೆ ಇತ್ತು. ಹನಿ ಔಷಧ ಹಾಕಿ ಅಲುಗಾಡಿಸಿದರೆ ಬಣ್ಣ ಬರುತ್ತದೆ. ಹಸಿರಾದರೆ ವಿಷವಿದೆ, ಹಳದಿಯಾದರೆ ಇಲ್ಲ. ಅವನಿದ್ದಾಗಲೇ ಹಳದಿ ಬರಲು ಶುರುವಾಗಿತ್ತು.

ಒಂದೇ ಒಂದು ಆಸೆ ಉಳಿದಿತ್ತು ನನಗೆ. ಅವನು ಆರಿಸಿಟ್ಟ ಮೀನುಗಳು ಅವನು ಕಟ್ಟಿದ ತೊಟ್ಟಿಗೆ ಬರಬೇಕು. ನನ್ನ ಕೈಯಲ್ಲಿ ಸಾಯಬಾರದು.

ಆಫೀಸಿಗೆ ಮತ್ತೆ ಹೋಗತೊಡಗಿದೆ. ಅತ್ತೆ ಮಗಳ ಮನೆಗೆ ಹೊರಡುವ ಮಾತಾಡುತ್ತಿದ್ದರು. ಒಂದು ಸಂಜೆ ದಾರಿಯಲ್ಲಿ ಮೀನಿನಂಗಡಿಗೆ ಹೊಕ್ಕೆ. ಅಂಗಡಿಯವನು ನನ್ನನ್ನು ಒಂದೆರಡು ಸಲ ನೋಡಿದ್ದ.

"ಬನ್ನಿ ಅಕ್ಕಾ! ಸಾರ್ ಎಲ್ಲಿ? ದಿನಾ ಬಂದು ಗಾಜಿಗೆ ಮೂಗು ಒತ್ತಿ ನಿಂತ್ಕೋತಿದ್ರು. ಅವರ ಮೂಗಿನ ಗುರುತು ಒರೆಸೋದೇ ನನಗೊಂದು ಕೆಲಸ ಆಗಿತ್ತು."

"ಬರಲಿಲ್ಲ."

"ಊರಲ್ಲಿಲ್ವಾ?"

"ಇಲ್ಲ."

ಹಿಂಡು ಗಿಡಗಳ ನೆರಳಿನಲ್ಲಿ ನಿಂತಿತ್ತು. ನಾನು ಬಗ್ಗಿದೊಡನೆ ಎಲ್ಲವೂ ಒಂದೇ ಮೀನಿನಂತೆ ಹಿಂದೆ ಸರಿದವು.

"ನೀರು ಹಳದಿ ಬಂದಿದೆ. ನಾಳೆ ತಗೊಂಡು ಹೋಗ್ಲಾ?" ಎಂದೆ.

"ಹಳದಿ ಅಂದ್ರೆ ಕಾಯಿ ಬಲಿತಿದೆ ಅಂತ ಅಷ್ಟೇ ಅಕ್ಕಾ. ನೀರು ಹಣ್ಣಾಗೋದು ಬೇರೆ. ಗಟ್ಟಿ ಜಾತಿ ಆದ್ರೆ ಇವತ್ತೇ ಕೊಡ್ತಿದ್ದೆ. ಇವು ಬೇಜಾರಾದ್ರೂ ಸಾಯೋ ಪೈಕಿ." ತನ್ನ ಮಾತಿಗೆ ತಾನೇ ನಕ್ಕ. "ಇನ್ನೊಂದಿಷ್ಟು ವಾರ ಹೋಗ್ಲಿ ಬಿಡಿ. ಗಾಜಿನ ಮೇಲೆ ಸ್ವಲ್ಪ ಪಾಚಿ ಹಿಡೀಲಿ. ಏನವಸರ?"

ಅವಸರ ಏನೆಂದು ಅವನಿಗೆ ಹೇಳುವುದು ಹೇಗೆ? ಅತ್ತೆ ಹೊರಟ ಮೇಲೆ ಆ ಮನೆಯಲ್ಲಿ ಉಸಿರಾಡುವುದು ನಾನೊಬ್ಬಳೇ.

"ನಾಳೆ ಬರ್ತೀನಿ," ಎಂದೆ.

"ನಿಮ್ಮಿಷ್ಟ. ಆಮೇಲೆ ಸಾರ್ ಬಂದು ನನ್ನ ಬೈಯೋ ಹಾಗಾಗಬಾರದು."

ಮನೆಗೆ ಬಂದಾಗ ಬಾಲ್ಕನಿಯ ತಂತಿಯಲ್ಲಿ ಬಟ್ಟೆ ಒಣಗುತ್ತಿತ್ತು. ನನ್ನ ಎರಡು ರವಿಕೆ, ಅತ್ತೆಯ ಟವೆಲ್ಲು, ಅವುಗಳ ನಡುವೆ ಕ್ಲಿಪ್ಪು ಹಾಕಿದ ಒಂದು ಸ್ಪಂಜು. ಅದು ಕಂದು ಬಣ್ಣದ್ದಲ್ಲ, ತಿಳಿ ಬೂದಿ ಬಣ್ಣದ್ದು. ಅದರ ನಿಜವಾದ ಬಣ್ಣ ಅದೇ ಎಂದು ನನಗೆ ಗೊತ್ತೇ ಇರಲಿಲ್ಲ. ನಿಂಬೆಹಣ್ಣಿನ ಸೋಪಿನ ವಾಸನೆ ಬರುತ್ತಿತ್ತು.

"ಎಷ್ಟು ಕೊಳಕಾಗಿತ್ತೇ ಅದು!" ಅಡುಗೆಮನೆಯಿಂದ ಅತ್ತೆ ಕೂಗಿದರು. "ನಾಲ್ಕು ನೀರಲ್ಲಿ ಹಿಂಡಿದರೂ ಕೆಸರು ಬರ್ತಿತ್ತು. ನಾನು ಹೋಗೋ ಮುಂಚೆ ಅವನ ತೊಟ್ಟಿ ಒಂದು ಚೊಕ್ಕ ಮಾಡಿಡೋಣ ಅಂತ. ತಳದಲ್ಲಿ ಕೂತಿದ್ದ ಗಲೀಜನ್ನೂ ಅರ್ಧ ತೆಗೆದೆ. ಬೆನ್ನು ಹಿಡ್ಕೊಂಡ್ತು. ನೀಲಿದು ನಾಳೆ ತೊಳೀತೀನಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದಿನಗಳಲ್ಲಿ ಏನೂ ಬರುತ್ತಿರಲಿಲ್ಲ. ಕೊಳವೆ ತಂದು ನೀರು ತುಂಬಿ ಹನಿ ಹಾಕಿದೆ. ಹಳದಿಯೇ ಇತ್ತು. ಮರುದಿನ ಬೆಳಿಗ್ಗೆ ಮತ್ತೆ ನೋಡಿದೆ. ಹಸಿರಾಗಿತ್ತು.

ಮುನ್ನಾದಿನವೇ ಮೀನು ತಂದಿದ್ದರೆ ಆ ಬೆಳಿಗ್ಗೆ ಅಷ್ಟೂ ಸಾಯುತ್ತಿದ್ದವು.

ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. ಕೈಯಲ್ಲಿ ಪಾತ್ರೆ ತೊಳೆಯುವ ಸೋಪು. "ಏನಾಯ್ತೇ?"

ಹೇಗೆ ಹೇಳಲಿ? ಆಫೀಸಿನ ಭಾಷೆಯಲ್ಲಾದರೆ ಒಂದು ಪುಟ ಬರೆಯುತ್ತಿದ್ದೆ. ಅವನ ಪದವೇ ಬಾಯಿಗೆ ಬಂತು.

"ಹೆಪ್ಪು, ಅತ್ತೆ. ಆ ಸ್ಪಂಜು ಹೆಪ್ಪು. ಬೇರೆಯವರ ತೊಟ್ಟಿಯಿಂದ ಕೇಳಿ ತಂದಿದ್ದ."

ಅತ್ತೆ ತಂತಿಯ ಮೇಲಿನ ಸ್ಪಂಜನ್ನು ನೋಡಿದರು, ಸೋಪನ್ನು ನೋಡಿದರು. ಸೋಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು.

"ಹೆಪ್ಪನ್ನ ಸೋಪು ಹಾಕಿ ತೊಳೆದೆನಾ? ಅಯ್ಯೋ ದೇವರೇ! ಲೋಕದಲ್ಲಿ ಯಾರಾದ್ರೂ ಹೆಪ್ಪನ್ನ ತೊಳೀತಾರಾ? ಹಾಗಂತ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇನೇ ನೀನು?"

ಆಮೇಲೆ ಅತ್ತರು. ಅವರು ಜೋರಾಗಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಗ ಹೋದ ದಿನ ಬಂದವರಿಗೆಲ್ಲ ನೀರು ಕೊಡುತ್ತ ಓಡಾಡಿದವರು, ಒಂದು ಸ್ಪಂಜಿಗೆ ಅತ್ತರು. ನಾನು ಪಕ್ಕದಲ್ಲಿ ನಿಂತಿದ್ದೆ. ಬೆನ್ನ ಮೇಲೆ ಕೈಯಿಡಬೇಕೆಂದು ಹೊಳೆದದ್ದು ಅವರು ಮೂಗು ಒರೆಸಿಕೊಂಡ ಮೇಲೆ.

"ನೀಲಿದರಲ್ಲಿ ಒಂದು ಚೂರಾದ್ರೂ ಉಳಿದಿರುತ್ತೇನೇ?"

"ಉಳಿದಿರುತ್ತೆ."

"ಹಾಗಾದ್ರೆ ಆಗುತ್ತೆ ಬಿಡು. ಒಂದು ಹನಿ ಇದ್ರೂ ಆಗುತ್ತೆ, ನಿಧಾನ ಆಗುತ್ತೆ ಅಷ್ಟೇ."

ತೊಳೆದ ಸ್ಪಂಜನ್ನು ಬರೀ ನೀರಿನಲ್ಲಿ ಸೋಪು ಹೋಗುವ ತನಕ ಅವರೇ ಜಾಲಿಸಿದರು. ನಾನು ಅದನ್ನು ನೀಲಿಯ ಪಕ್ಕದಲ್ಲೇ ಇಟ್ಟೆ. ಅತ್ತೆ ಪ್ರಯಾಣ ಮುಂದೂಡಿದರು. ಅವರ ಮಟ್ಟಿಗೆ ಈಗ ಎಲ್ಲವೂ ಅರ್ಥವಾಗಿತ್ತು. ತೊಟ್ಟಿಯ ಮುಂದೆ ಯಾರೂ ಬಿರಬಿರನೆ ನಡೆಯಬಾರದು. "ಅಲ್ಲಾಡಿಸಬೇಡ್ವೇ, ಹೆಪ್ಪಾಗ್ತಿದೆ." ನಾನು ಕೊಳವೆ ಹಿಡಿದು ಅಲುಗಾಡಿಸಿದರೂ ಅವರ ಹುಬ್ಬು ಗಂಟಾಗುತ್ತಿತ್ತು. ಚಳಿ ಬಿದ್ದ ಒಂದು ಸಂಜೆ ತೊಟ್ಟಿಗೆ ಶಾಲು ಹೊದಿಸಿದ್ದರು. ನಾನು ಆ ಶಾಲನ್ನು ತೆಗೆಯಲಿಲ್ಲ.

ಹಸಿರು ತಿಳಿಯಾಗುವ ಹೊತ್ತಿಗೆ ನಾದಿನಿ ಬಂದು ಅವರನ್ನು ಕರೆದುಕೊಂಡು ಹೋದಳು. ಆಮೇಲೆ ದಿನಾ ಬೆಳಿಗ್ಗೆ ಫೋನು.

"ಹೆಪ್ಪಾಯ್ತೇನೇ?"

"ಇನ್ನೂ ಇಲ್ಲ, ಅತ್ತೆ."

"ಊಟ ಮಾಡ್ತಿದ್ದೀಯಾ?"

"ಮಾಡ್ತಿದ್ದೀನಿ."

"ನಿಂಗಾ, ಅದಕ್ಕಾ?"

"ಇಬ್ಬರಿಗೂ."

ಮನೆ ದೊಡ್ಡದಾಯಿತು. ಆಫೀಸಿನಿಂದ ಬಂದು ದೀಪ ಹಾಕದೆ ತೊಟ್ಟಿಯ ಬೆಳಕಿನಲ್ಲೇ ಕೂತಿರುತ್ತಿದ್ದೆ. ಏನೂ ಚಲಿಸದ ನೀರನ್ನು ನೋಡಲು ಅಭ್ಯಾಸ ಬೇಕು. ಬರಬರುತ್ತ ಗಾಜಿನ ಮೇಲೆ ಹಸಿರು ಪೊರೆ ಕಟ್ಟಿತು. ಗಿಡವೊಂದು ಹೊಸ ಎಲೆ ಬಿಚ್ಚಿತು. ಬೂದಿ ಬಣ್ಣದ ಸ್ಪಂಜು ಅಂಚಿನಿಂದ ಒಳಕ್ಕೆ ಮತ್ತೆ ಕಂದಾಗುತ್ತ ಬಂತು. ಕೊಳವೆ ಹಳದಿಯಾಯಿತು. ಆದರೂ ಕಾದೆ. ಹಳದಿಯಾಗಿಯೇ ಉಳಿಯಿತು. ಕೊನೆಗೊಂದು ದಿನ ಅಂಗಡಿಗೆ ಹೋಗಿ, ರಜೆಯ ದಿನ ಬೆಳಿಗ್ಗೆ ಬರುತ್ತೇನೆ, ಹಿಂಡನ್ನು ಕಟ್ಟಿಡಿ ಎಂದೆ. ಅಂಗಡಿಯವನು ನನ್ನ ಮುಖ ನೋಡಿ ಈ ಸಲ ಸಾರ್ ಎಲ್ಲಿ ಎಂದು ಕೇಳಲಿಲ್ಲ.

ಆ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಗಂಡನ ಫೋನು ಹೊಡೆದುಕೊಂಡಿತು. ಅದನ್ನು ನಾನು ಚಾರ್ಜ್ ಮಾಡುತ್ತಲೇ ಇದ್ದೆ.

"ಲಿಫ್ಟ್ ಸಾರ್ ಇದ್ದಾರಾ?" ಹೆಣ್ಣುದನಿ. "ಹಲ್ಲಿನ ಕ್ಲಿನಿಕ್ಕಿಂದ. ಡಾಕ್ಟರು ಕೇಳ್ತಿದ್ದಾರೆ, ಆ ಸ್ಪಂಜು ಇದೆಯಾ ಅಂತ. ಕ್ಲಿನಿಕ್ಕಿಗೆ ಬಣ್ಣ ಬಳಿಯೋರು ಬಂದಿದ್ರು. ಉಪಕಾರ ಮಾಡೋಣ ಅಂತ ತೊಟ್ಟಿ, ಕಲ್ಲು, ಫಿಲ್ಟರು ಎಲ್ಲಾ ಸೋಪಲ್ಲಿ ತೊಳೆದಿಟ್ಟಿದ್ದಾರೆ. ಮೀನೆಲ್ಲಾ ಬಕೆಟ್ಟಲ್ಲಿವೆ. ಇವತ್ತೇ ಬೇಕಿತ್ತಂತೆ."

"ತರ್ತೀನಿ," ಎಂದೆ.

ಫೋನಿಟ್ಟ ಮೇಲೆ ತೊಟ್ಟಿಯ ಮುಂದೆ ನಿಂತೆ. ಎರಡು ಸ್ಪಂಜು. ಹೆಪ್ಪಿನ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಅರ್ಧ ತೆಗೆದರೆ ಸೂಕ್ಷ್ಮದ ಮೀನಿಗೆ ಸಾಲದು. ಒಂದೆರಡು ದಿನ ತಡಮಾಡಿ ಕೊಟ್ಟರೆ ನನ್ನ ಮೀನು ಬರುತ್ತವೆ, ಬಕೆಟ್ಟಿನವು ಏನಾಗುತ್ತವೋ. ಸಾಲ ಎಂದಿದ್ದ ಅವನು. ಹೆಪ್ಪಾದ ಮೇಲೆ ವಾಪಸ್ ಎಂದಿದ್ದ. ಹೆಪ್ಪಾಗಿತ್ತು.

ಬಸ್ಸಿನವರು ತಂದುಕೊಟ್ಟಿದ್ದ ಚೀಲದಲ್ಲಿ ಅವನ ಊಟದ ಡಬ್ಬಿ ಇತ್ತು. ಅಂದೇ ತೊಳೆದಿಟ್ಟಿದ್ದೆ. ಅದರಲ್ಲಿ ತೊಟ್ಟಿಯ ನೀರು ತುಂಬಿ ಸ್ಪಂಜನ್ನು ಮುಳುಗಿಸಿ ಮುಚ್ಚಳ ಹಾಕಿದೆ. ಮೀನಿನಂಗಡಿಗೆ ಫೋನ್ ಮಾಡಿ ಇವತ್ತು ಬೇಡ ಎಂದೆ. ಅವನು ಹೋಗುತ್ತಿದ್ದ ಬಸ್ಸೇ ಹತ್ತಿದೆ. ಡಬ್ಬಿ ತೊಡೆಯ ಮೇಲಿತ್ತು, ತಿರುವುಗಳಲ್ಲಿ ಒಳಗೆ ನೀರು ತುಳುಕುತ್ತಿತ್ತು.

ಹೊಸ ಬಣ್ಣದ ವಾಸನೆ ಮೆಟ್ಟಿಲಿಗೇ ಬಡಿಯಿತು. ಕಾಯುವ ಕೋಣೆಯಲ್ಲಿ ಒಬ್ಬ ಮುದುಕ ಕೆನ್ನೆ ಹಿಡಿದು ಕೂತಿದ್ದ. ದೊಡ್ಡ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಹೊಸ ನೀರಿನಲ್ಲಿ ಆಗಷ್ಟೇ ಬಿಟ್ಟ ಮೂರೇ ಮೀನು, ಎಲ್ಲ ತಳದಲ್ಲಿ. ಉಳಿದವು ಬಕೆಟ್ಟಿನಲ್ಲಿ.

ಡಾಕ್ಟರಮ್ಮ ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಹೊರಗೆ ಬಂದರು. ತಲೆ ಪೂರ್ತಿ ನರೆತಿತ್ತು, ದನಿ ಗಡಸು. "ಅವರನ್ನೇ ಕಳಿಸೋದಲ್ವಾ? ಲಿಫ್ಟು ಮತ್ತೆ ಕೂಗ್ತಿದೆ. ನನ್ನ ಕಂಡ್ರೆ ತಪ್ಪಿಸ್ಕೊಂಡು ಓಡಾಡ್ತಾರೆ ಮನುಷ್ಯ. ಒಂದು ದವಡೆ ಹಲ್ಲು ಬಾಕಿ ಇದೆ ಅವರದು. ಹಗ್ಗದಲ್ಲಿ ನೇತಾಡಿ ಕೆಲಸ ಮಾಡೋರು, ಸೂಜಿ ನೋಡಿದ್ರೆ ಬೆವರ್ತಾರೆ."

ಹಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ.

"ಅವರು ತೀರಿಕೊಂಡರು," ಎಂದೆ.

ಆ ಮಾತನ್ನು ನಾನೇ ನನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಬೇರೆಯವರು ಹೇಳುತ್ತಿದ್ದರು.

ಡಾಕ್ಟರಮ್ಮ ಕೈಗವಸು ಕಳಚಿದರು. ಒಂದಾದ ಮೇಲೊಂದು, ನಿಧಾನವಾಗಿ. ಮುದುಕ ಕೆನ್ನೆಯಿಂದ ಕೈ ತೆಗೆದಿದ್ದ.

"ಮೀನು ಬಿಟ್ಟಿದ್ರಾ?" ಗವಸುಗಳನ್ನು ಕಸದ ಬುಟ್ಟಿಗೆ ಹಾಕಿ ಕೇಳಿದರು. "ಕೆಂಪನೆಯವು ಅಂತ ಹೇಳ್ತಿದ್ರು."

"ಇವತ್ತು ತರಬೇಕಿತ್ತು."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಇದು ಕೊಟ್ಟರೆ ಮತ್ತೆ ಕಾಯಬೇಕಾಗುತ್ತೆ ನೀವು. ಗೊತ್ತಲ್ವಾ?"

"ಗೊತ್ತು. ಒಂದು ಮಾತು ಡಾಕ್ಟ್ರೇ, ಇದು ನೀವು ಕೊಟ್ಟ ಸ್ಪಂಜೇ. ಹೆಪ್ಪು ಮಾತ್ರ ನಿಮ್ಮದಲ್ಲ. ನಮ್ಮತ್ತೆ ಸೋಪು ಹಾಕಿ ತೊಳೆದುಬಿಟ್ಟಿದ್ರು. ಆಮೇಲೆ ನಮ್ಮಲ್ಲೇ ಹೆಪ್ಪಾಗಿದ್ದು."

ಡಾಕ್ಟರಮ್ಮನ ಗಂಟಲಲ್ಲಿ ನಗುವಿನಂಥ ಒಂದು ಸದ್ದು ಬಂತು. "ಎಲ್ಲರ ಮನೆಯಲ್ಲೂ ಇದೇ ಉಪಕಾರ," ಎಂದರು. ತೊಟ್ಟಿಯ ಮುಚ್ಚಳ ಎತ್ತಿ ಹಿಡಿದರು. "ನೀವೇ ಹಾಕಿ."

ತೋಳು ಮೇಲಕ್ಕೆ ಮಡಿಚಿಕೊಂಡೆ. ಡಬ್ಬಿಯಿಂದ ಸ್ಪಂಜು ತೆಗೆದು ಮೊಣಕೈ ತನಕ ನೀರಿಗಿಳಿಸಿದೆ. ಕಂದು ಮೋಡವೊಂದು ಎದ್ದು ಹೊಳೆಯುವ ನೀರನ್ನು ಮಂಕು ಮಾಡಿತು. ನೀರು ಉಗುರುಬೆಚ್ಚಗಿತ್ತು. ತಳದಲ್ಲಿದ್ದ ಮೀನೊಂದು ಮೇಲೆ ಬಂದು ಸ್ಪಂಜನ್ನು ಮೂಸಿ, ಆಮೇಲೆ ನನ್ನ ಹೆಬ್ಬೆರಳನ್ನು ಕುಟುಕಿ ನೋಡಿತು. ಮತ್ತೆ ಬಂದು ಇನ್ನೊಮ್ಮೆ ಕುಟುಕಿತು.

ಸ್ಪಂಜು ತನ್ನ ಜಾಗದಲ್ಲಿ ಕೂತಾಗಿತ್ತು. ಡಾಕ್ಟರಮ್ಮ ಮುಚ್ಚಳ ಹಿಡಿದೇ ನಿಂತಿದ್ದರು. ಕೈ ತೆಗೆಯಲು ಯಾರೂ ಹೇಳಲಿಲ್ಲ.