ಕಳೆ ಕೀಳುವ ದೃಶ್ಯ

ಅತ್ತೆಗೆ ಇಬ್ಬರು ಗಂಡುಮಕ್ಕಳು. ಕಿರಿಯವನು ರೈತ, ಹಿರಿಯವನು ರೈತನ ಮಗ. ರೈತ ನನ್ನ ಗಂಡ. ಹೋದ ಬೇಸಿಗೆಯಲ್ಲಿ ತೀರಿಕೊಂಡ. ರೈತನ ಮಗ ಮಂತ್ರಿ.

ಭಾವ ಹೊಲ ಬಿಟ್ಟದ್ದು ಮೀಸೆ ಮೂಡುವ ಮೊದಲೇ. ಗೊಬ್ಬರದ ವಾಸನೆಗೆ ತಲೆ ಸಿಡಿಯುತ್ತದೆಂದು ಪೇಟೆಯ ಚಿಕ್ಕಪ್ಪನ ಮನೆ ಸೇರಿದವರು ಗೊಬ್ಬರ ಮಾರುವ ಸಂಘಕ್ಕೇ ಅಧ್ಯಕ್ಷರಾದರು. ಆಮೇಲೆ ಶಾಸಕರು, ಆಮೇಲೆ ಮಂತ್ರಿ. ಪಕ್ಷ ಬದಲಾಯಿತು, ಹೆಗಲ ಮೇಲಿನ ಟವೆಲು ಬದಲಾಗಲಿಲ್ಲ. ಚುನಾವಣೆ ಹತ್ತಿರ ಬಂದಾಗ ಅವರಿಗೆ ಮಣ್ಣಿನ ನೆನಪಾಗುತ್ತದೆ. ಆಗ ನಮ್ಮ ಹೊಲಕ್ಕೆ ಕ್ಯಾಮೆರಾ ಬರುತ್ತದೆ. ನನ್ನ ಗಂಡ ಉತ್ತ ಸಾಲಿನಲ್ಲಿ ಅವರು ನಡೆಯುತ್ತಿದ್ದರು.

ಈ ಸಲ ಹೊಲದಲ್ಲಿದ್ದದ್ದು ಈರುಳ್ಳಿ ಸಸಿಮಡಿ ಒಂದೇ. ಗಂಡ ಒಳ್ಳೊಳ್ಳೆಯ ಗಡ್ಡೆ ಆರಿಸಿ ವರ್ಷಗಳಿಂದ ಉಳಿಸಿಕೊಂಡು ಬಂದ ತಳಿ. ಈರುಳ್ಳಿ ಬೀಜ ಹಳತಾದರೆ ಮೊಳೆಯುವುದಿಲ್ಲ. ಹಾಗಾಗಿ ಅವನು ಬಿಟ್ಟುಹೋದ ಬೀಜವನ್ನೆಲ್ಲ ಬಿತ್ತಿದ್ದೆ. ಇದು ಹೋದರೆ ತಳಿಯೇ ಹೋದಂತೆ. ಸಸಿಗಳು ಆಗಿನ್ನೂ ದಾರದೆಳೆಯಂತೆ ಎದ್ದಿದ್ದವು.

ಕ್ಯಾಮೆರಾ ಬಂದ ದಿನ ಭಾವನ ಸಹಾಯಕ ನನ್ನನ್ನು ಒಳಗೆ ಕೂರಿಸಿ, ಅದರ ಮುಂದೆ ಆಡಬೇಕಾದ ಮಾತು ಕಲಿಸುತ್ತಿದ್ದ.

"'ನಮ್ಮೆಜಮಾನ್ರಿಗೆ ಬೇಸಾಯ ಕಲಿಸಿದ್ದೇ ಭಾವ' ಅನ್ನಿ ಮೇಡಂ. ಕೊನೇಲಿ ಒಂಚೂರು ಕಣ್ಣೊರೆಸ್ಕೊಳ್ಳಿ."

"ಅಳು ಬರದಿದ್ರೆ?"

"ಅಡುಗೆಮನೇಲಿ ಈರುಳ್ಳಿ ಇರತ್ತಲ್ಲ ಮೇಡಂ."

ಹೊರಗೆ ಅತ್ತೆ ಕೂಗಿದ್ದು ಕೇಳಿ ಓಡಿದೆ. ಭಾವ ಸಸಿಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾಗಾಗಿ ಕಳೆ ಕೀಳುತ್ತಿದ್ದರು. ನಾಯಕರು ಕಿತ್ತ ಮೇಲೆ ಹಿಂಬಾಲಕರು ಸುಮ್ಮನಿರುತ್ತಾರೆಯೇ? ಹಿಡಿ ಹಿಡಿಯಾಗಿ ಸಸಿ ಕಿತ್ತು ಬದುವಿಗೆ ಎಸೆದಿದ್ದರು. ನಿಜವಾದ ಕಳೆ ಅಗಲ ಎಲೆಯದು, ನೋಡಲು ಚೆಂದ. ಅದನ್ನು ಬೆಳೆಯೆಂದು ಕಾಪಾಡಿದ್ದರು.

"ಏನೋ ಮಾಡ್ತಿದ್ದೀಯ?" ಅತ್ತೆ ಕೇಳಿದರು.

"ಹುಲ್ಲು ನೋಡಮ್ಮ, ಹೆಂಗೆ ಬೆಳ್ಕೊಂಡಿದೆ. ಗಂಡಸರಿಲ್ಲದ ಹೊಲ ಅಂದ್ರೆ ಇಷ್ಟೇ."

"ಕೈ ಮೂಸಿ ನೋಡ್ಕೋ."

ಭಾವ ಮೂಸಿದರು. ಮುಖ ಬದಲಾಗಲಿಲ್ಲ, ಅವರು ಕಲಿತ ಕಸುಬು ಅದೊಂದೇ. "ಸಸಿ ಒತ್ತೊತ್ತಾಗಿತ್ತು, ತೆಳು ಮಾಡ್ತಿದ್ದೆ" ಎಂದರು. ಹಿಂಬಾಲಕರು ತಲೆಯಾಡಿಸಿದರು. ಒಬ್ಬ ಚಪ್ಪಾಳೆ ತಟ್ಟಿದ.

"ರೈತನ ಮಗ ಏನು ಕಿತ್ತು ಹಾಕಿದ ಅಂತ ಜನ ಕೇಳ್ತಿದ್ರು," ಅತ್ತೆ ಹೇಳಿದರು. "ಇವತ್ತು ತೋರಿಸ್ದೆ ಬಿಡು."

ಭಾವ ನನ್ನತ್ತ ತಿರುಗಿದರು. "ಬಾರಮ್ಮ, ಬಿಸಿಲೇರ್ತಿದೆ. ನಿನ್ನ ಮಾತೊಂದು ಆಗ್ಬಿಡ್ಲಿ."

ಬಿಸಿಲೇರುತ್ತಿದ್ದದ್ದು ನಿಜ. ಬೇರು ಒಣಗುವ ಮೊದಲು ಮತ್ತೆ ನೆಡಬೇಕಿತ್ತು. ಒದ್ದೆ ಬಟ್ಟೆ ಹಾಸಿ ಸಸಿ ಆಯತೊಡಗಿದೆ. ಅತ್ತೆ ನೀರು ತಂದರು. ಕ್ಯಾಮೆರಾದವನು ಎದುರಿಗೆ ಬಂದು ನಿಂತ.

"ಕಾಲು ತೆಗಿ. ಸಸಿ ತುಳೀತಿದ್ದೀಯ" ಎಂದೆ.

ಅಂದು ಕ್ಯಾಮೆರಾದ ಮುಂದೆ ನಾನಾಡಿದ ಮಾತು ಅಷ್ಟೇ. ಅದನ್ನು ಟಿವಿಯಲ್ಲಿ ಯಾರೂ ತೋರಿಸಲಿಲ್ಲ. ಭಾವ ಕಳೆ ಕೀಳುವುದನ್ನು ಎಲ್ಲರೂ ತೋರಿಸಿದರು.

ಅವರು ಗೆದ್ದರು. ಈಗ ಕೃಷಿ ಖಾತೆಯಂತೆ. ಮತ್ತೆ ನೆಟ್ಟವುಗಳಲ್ಲಿ ಮೂರರಲ್ಲೊಂದು ಪಾಲು ಬೇರು ಹಿಡಿದಿದೆ. ಮಾರಲು ಏನೂ ಉಳಿಯುವುದಿಲ್ಲ. ಬೀಜಕ್ಕೆ ಸಾಕು.