ಎಲ್ಲಿಗೆ ಎಂದು ಕೇಳಬಾರದು

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಪ್ರಭಾಳ ಅತ್ತೆ ದೊಡ್ಡತಾಯಮ್ಮನವರು ಮೈಸೂರಿನ ಮನೆಯಲ್ಲಿ ಮಾಡಿಟ್ಟ ಕಟ್ಟಳೆ ಇದು. ಹೊಸ್ತಿಲು ದಾಟುವವರಿಗೆ ಹಾಗೆ ಅಂದರೆ ಹೋದ ಕೆಲಸ ಕೆಡುತ್ತದೆ. ಕೇಳದೆ ಇರಲು ಆಗುವುದೇ ಇಲ್ಲ ಎಂದಾದರೆ ‘ದೂರ ಹೊರಟ್ರಾ?’ ಅನ್ನಬೇಕು, ಹೇಳುವ ಮನಸ್ಸಿದ್ದವರು ತಾವಾಗಿಯೇ ಊರಿನ ಹೆಸರು ಹೇಳುತ್ತಾರೆ. ಬಾಯಿತಪ್ಪಿ ‘ಎಲ್ಲಿಗೆ’ ಅಂದೇಬಿಟ್ಟರೆ, ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಪ್ರಭಾ ಮದುವೆಯಾಗಿ ಅಮೆರಿಕಕ್ಕೆ ಬಂದಾಗ ಏರ್‌ಪೋರ್ಟಿನವರು ಅವಳ ಉಪ್ಪಿನಕಾಯಿ ಭರಣಿಯನ್ನು ಕಿತ್ತುಕೊಂಡರು, ಈ ಕಟ್ಟಳೆಯನ್ನು ಮಾತ್ರ ಹಾಗೇ ಬಿಟ್ಟುಬಿಟ್ಟರು. ಅದು ಅವಳ ಜೊತೆ ಕ್ಯಾಂಪ್‌ಬೆಲ್‌ನ ಮನೆ ಸೇರಿತು.

ಮಗ ತರುಣ್ ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಆದರೆ ಅಮ್ಮ ಯಾವುದನ್ನು ಯಾಕೆ ಕೇಳುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಇಂಥದ್ದನ್ನೆಲ್ಲ ಯಾರು ತಾನೇ ಹೇಳಿಕೊಡುತ್ತಾರೆ? ಹಲ್ಲುಜ್ಜುವುದನ್ನು ಕಲಿಸಬೇಕು, ಇದು ತಾನಾಗಿಯೇ ಬರುತ್ತದೆ ಎಂದು ಎಲ್ಲ ತಾಯಂದಿರ ಹಾಗೆ ಪ್ರಭಾಳೂ ಅಂದುಕೊಂಡಿದ್ದಳು.

ಕಳೆದ ಚಳಿಗಾಲದಲ್ಲಿ ತರುಣ್ ಪ್ಲೆಸೆಂಟನ್‌ನ ಕೆಲಸ ಬಿಟ್ಟ. ಅಪಾರ್ಟ್‌ಮೆಂಟು ಖಾಲಿ ಮಾಡಿ, ಕಾರು ಮಾರಿ, ಬೆನ್ನಿಗೆ ಹಾಕುವ ಒಂದೇ ಒಂದು ಚೀಲ ಹಿಡಿದು ಅಮ್ಮನ ಮುಂದೆ ನಿಂತ. ಥೈಲ್ಯಾಂಡಿನಿಂದ ಶುರು, ಆಮೇಲೆ ಕಾಲು ಹೋದ ಕಡೆ. ದುಡ್ಡು ಇರುವಷ್ಟು ದಿನ, ಅಗ್ಗದ ಬಸ್ಸು, ಅಗ್ಗದ ಹಾಸಿಗೆ. ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮ್ಯಾಪು ತೆರೆದು ಅಮ್ಮನತ್ತ ಅರ್ಧ ತಿರುಗಿಸಿ ಹಿಡಿದ. ಪ್ರಭಾ ಚೀಲದ ಪಕ್ಕದ ಜೇಬಿಗೆ ಚಟ್ನಿಪುಡಿಯ ಪೊಟ್ಟಣ ತುರುಕುತ್ತಿದ್ದಳು.

“ದೂರ ಹೊರಟೆಯಾ, ಕಂದ?” ಎಂದಳು.

ತರುಣ್ ಒಂದು ಕ್ಷಣ ಕಾದ. ಆಮೇಲೆ ಫೋನನ್ನು ಜೇಬಿಗಿಟ್ಟುಕೊಂಡು, “ಯಾ ಅಮ್ಮ. ದೂರ,” ಎಂದು ಹೊರಟುಹೋದ. ಅವಳ ಮಟ್ಟಿಗೆ ಕೇಳುವುದನ್ನೆಲ್ಲ ಅವಳು ಕೇಳಿ ಮುಗಿಸಿದ್ದಳು.

ಆಮೇಲಾದರೂ ಕೇಳಬಹುದಿತ್ತಲ್ಲ ಅನ್ನಿ. ಆದರೆ ಈ ಮಹಾರಾಯ ಫೋನು ಮಾಡುವುದೇ ಬಸ್ಸಿಗೆ ಕಾಯುವಾಗ. ಬೇರೆ ಹೊತ್ತಿನಲ್ಲಿ ಅವನಿಗೆ ಬೆಟ್ಟವಿದೆ, ನದಿಯಿದೆ, ಹಾಸ್ಟೆಲಿನ ಹೊಸ ಸ್ನೇಹಿತರಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಮಾಡಲು ಏನೂ ಕೆಲಸವಿಲ್ಲ, ಆಗ ಅಮ್ಮ ನೆನಪಾಗುತ್ತಾಳೆ. ಹಿಂದೆ ಇಂಜಿನ್ನು ಗುರುಗುಟ್ಟುತ್ತಿರುತ್ತದೆ, ಯಾರೋ ತಿಂಡಿ ಕೂಗಿ ಮಾರುತ್ತಿರುತ್ತಾರೆ. ಹೊರಟು ನಿಂತವನನ್ನು ಎಲ್ಲಿಗೆ ಎಂದು ಹೇಗೆ ಕೇಳುವುದು? ಪ್ರಭಾ ನಾಲಿಗೆಯನ್ನು ಕಚ್ಚಿ ಹಿಡಿದು ಊಟ ಆಯ್ತಾ ಎಂದು ಕೇಳುತ್ತಿದ್ದಳು. ಆಯ್ತು. ಕಾಯಿಸಿದ ನೀರೇ ಕುಡೀತಿದೀಯ ತಾನೆ? ಯಾ. ಹುಷಾರು ಕಣೋ. ಓಕೆ ಅಮ್ಮ, ಬಸ್ ಬಂತು, ಬೈ. ಬರಬರುತ್ತ ಫೋನುಗಳು ಚಿಕ್ಕವಾದವು, ನಡುವಿನ ದಿನಗಳು ಉದ್ದವಾದವು. ಮಗ ಭೂಮಿಯ ಮೇಲೆ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದ್ದರೆ ‘ದೂರ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅವಳ ಹತ್ತಿರ ಇರಲಿಲ್ಲ.

ಪ್ರಭಾ ಒಂದು ಡೇಕೇರಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಯಾರ್ಯಾರದೋ ಮಕ್ಕಳು ಅವಳ ಸೆರಗಿಗೋ ಶರಟಿಗೋ ಜೋತುಬಿದ್ದಿರುತ್ತವೆ. ಸಂಜೆ ಅವರವರ ಅಪ್ಪ ಅಮ್ಮ ಬಂದು ಕರೆದುಕೊಂಡು ಹೋಗುತ್ತಾರೆ. ಕೊನೆಯ ಮಗುವಿಗೆ ಬೂಟು ಹಾಕಿ ಕಳಿಸಿ ಮನೆಗೆ ಬಂದರೆ, ಗ್ಯಾರೇಜಿನ ಬಾಗಿಲು ಮುಚ್ಚಿಕೊಳ್ಳುವ ಸದ್ದೇ ಆ ದಿನದ ಕೊನೆಯ ಸದ್ದು. ಸೋಮವಾರ ಮಾಡಿದ ಸಾರು ಬುಧವಾರದವರೆಗೆ ಬರುತ್ತದೆ. ಟಿವಿಯನ್ನು ಕೇಳಲಿಕ್ಕಲ್ಲ, ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಎಂದು ಹಾಕಿಡುತ್ತಾಳೆ. ಅವಳಿಗೆ ಮಗನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ಅಳುವೂ ಬರುತ್ತಿತ್ತು.

ಅವಳ ಭಯ ಅತ್ತೆಯ ಕಟ್ಟಳೆಯಿಂದ ಮಾತ್ರ ಬಂದದ್ದಲ್ಲ. ಗಂಡ ಶ್ರೀಕಂಠ ಇದ್ದಾಗ ಅವಳೂ ಆ ಕಟ್ಟಳೆಯನ್ನು ಆಡಿಕೊಂಡು ನಕ್ಕವಳೇ. ಅಡುಗೆಮನೆಯ ನಲ್ಲಿ ಸೋರುತ್ತಿದ್ದ ಒಂದು ಶನಿವಾರ ಅವರು ಕಾರಿನ ಕೀಲಿ ಹಿಡಿದು ಹೊರಟಾಗ, ಮಹಡಿಯಿಂದ ಅವಳ ಬಾಯಿಗೆ ಬಂದೇಬಿಟ್ಟಿತು: “ಎಲ್ಲಿಗ್ರೀ?” ತಕ್ಷಣ ತುಟಿ ಕಚ್ಚಿಕೊಂಡು, “ಅಯ್ಯೋ, ಬನ್ನಿ, ಕೂತು ಒಂದು ಗುಟುಕು ನೀರು ಕುಡಿದು ಹೋಗಿ,” ಎಂದಳು. ಶ್ರೀಕಂಠ ನಕ್ಕು, “ವಾಷರು ತರೋಕೆ ನೀರು ಬೇರೆ ಕುಡೀಬೇಕೇನೇ?” ಎಂದು ಹೋದರು. ಹಾರ್ಡ್‌ವೇರ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಿಂದ ಇಳಿಯುವ ಮುಂಚೆಯೇ ಅವರ ಎದೆಬಡಿತ ನಿಂತಿತು. ರಕ್ತನಾಳ ಕಟ್ಟಿಕೊಂಡು ಬಂದದ್ದು ವರ್ಷಗಳಿಂದ ಎಂದು ಡಾಕ್ಟರು ವಿವರಿಸಿದರು. ಪ್ರಭಾ ಬಿ.ಎಸ್ಸಿ. ಓದಿದವಳು, ಎಲ್ಲ ಅರ್ಥವಾಯಿತು. ಅರ್ಥವಾದದ್ದು ಬೇರೆ, ನಂಬಿದ್ದು ಬೇರೆ. ಅಂದಿನಿಂದ ಅವಳು ಡೇಕೇರಿನ ಮಗುವನ್ನೂ ಎಲ್ಲಿಗೆ ಎಂದು ಕೇಳಿದವಳಲ್ಲ.

ಹೀಗಿರುವಾಗ ಮೇ ತಿಂಗಳ ಒಂದು ಶನಿವಾರ ಅವಳು ಸನ್ನಿವೇಲ್‌ನ ದೇವಸ್ಥಾನಕ್ಕೆ ಹೋದಳು. ಊಟದ ಹಾಲಿನಲ್ಲಿ ಹಳೆಯ ಗೆಳತಿ ಮೈಥಿಲಿ ಸಿಕ್ಕಳು. ಜೊತೆಗೆ ಅವಳ ಮಗಳು ರಂಜನಿ, ತರುಣ್‌ನ ಶಾಲೆಯ ಗೆಳತಿ.

“ಪ್ರಭಾ, ಏನ್ರೀ ನಿಮ್ಮ ಮಗ! ಲಾವೋಸಲ್ಲಿ ಸ್ಕೂಟರಿಂದ ಬಿದ್ನಂತೆ? ಮೊಣಕೈ ವಾಸಿಯಾಯ್ತಾ ಈಗ?” ಎಂದಳು ಮೈಥಿಲಿ.

ಪ್ರಭಾಳ ಕೈಯಲ್ಲಿ ಮೊಸರನ್ನದ ತಟ್ಟೆಯಿತ್ತು. “ಹೂಂ, ಹೇಳ್ದ. ಈಗ ಪರವಾಗಿಲ್ವಂತೆ,” ಎಂದಳು. ಅವನು ಲಾವೋಸಿನಲ್ಲಿದ್ದಾನೆ ಎಂಬುದು ಅವಳ ಕಿವಿಗೆ ಬಿದ್ದದ್ದು ಆಗಲೇ, ಸ್ಕೂಟರಿನ ಸುದ್ದಿ ಬಿದ್ದದ್ದೂ ಆಗಲೇ. ಹೆತ್ತ ಮಗನ ಗಾಯದ ಸುದ್ದಿಯನ್ನು ಸಾಲಿನಲ್ಲಿ ನಿಂತು ಮೊಸರನ್ನದ ಜೊತೆ ಬಡಿಸಿಕೊಂಡ ಹಾಗಾಯಿತು. ಮೂವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರು.

ತಾಯಿ ಪಾಯಸಕ್ಕೆ ಎದ್ದು ಹೋದಾಗ ರಂಜನಿ ಪಕ್ಕಕ್ಕೆ ಸರಿದು ಕೂತಳು. ಆ ಹುಡುಗಿಗೆ ಅಮ್ಮನಿಗಿಂತ ಸೂಕ್ಷ್ಮ ಜಾಸ್ತಿ.

“ಆಂಟಿ, ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?”

ಪ್ರಭಾ ತಲೆಯೆತ್ತಲಿಲ್ಲ. “ಅವನು ನನಗೆ ಯಾಕೆ ಹೇಳಲ್ಲ?”

“ಹಿ ಸೇಸ್ ಯು ನೆವರ್ ಆಸ್ಕ್, ಆಂಟಿ. ಅಮ್ಮ ಒಂದ್ ಸಲಾನೂ ‘ಎಲ್ಲಿಗೆ ಹೋಗ್ತಿದೀಯ’ ಅಂತ ಕೇಳಿಲ್ಲ ಅಂತಾನೆ. ಹೊರಡೋ ದಿನ ಮ್ಯಾಪ್ ಹಿಡ್ಕೊಂಡು ನಿಂತಿದ್ನಂತೆ. ನಿಮಗೆ ಬೇಡ ಅಂದ್ಕೊಂಡಿದಾನೆ.”

ಪ್ರಭಾ ಫ್ರೀವೇ ಹಿಡಿದು ಮನೆಗೆ ಹೇಗೆ ಬಂದಳೋ ಅವಳಿಗೇ ನೆನಪಿಲ್ಲ. ಮಗ ಉಳಿಯಲಿ ಎಂದು ಅವಳು ಬಾಯಿ ಕಟ್ಟಿಕೊಂಡಿದ್ದಳು. ಆ ಮೌನವೇ ಅವನನ್ನು ದೂರ ಅಟ್ಟಿತ್ತು. ಕೇಳಿದರೆ ಗಂಡನ ಹಾಗೆ ಇವನೂ ಹೋದಾನು. ಕೇಳದೆ ಇದ್ದದ್ದಕ್ಕೆ ಆಗಲೇ ಹೋಗಿಯಾಗಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಅವಳೇ ಫೋನು ಮಾಡಿದಳು. ಅಲ್ಲಿ ಆಗ ರಾತ್ರಿ. ತರುಣ್ ಎತ್ತಿದ. ಹಿಂದೆ ಅದೇ ಇಂಜಿನ್ನಿನ ಗುರುಗುಟ್ಟು.

“ಅಮ್ಮ? ಈಸ್ ಎವೆರಿಥಿಂಗ್ ಓಕೆ?”

“ನಾನು ಚೆನ್ನಾಗಿದೀನಿ. ಬಸ್ ಬಂತಾ?”

“ಬಂದಿದೆ. ಐ ಹ್ಯಾವ್ ಟು ಗೆಟ್ ಆನ್ ಇನ್ ಎ ಬಿಟ್.”

ಅವಳು ಅಡುಗೆಮನೆಯ ಗೂಡಿನಲ್ಲಿದ್ದ ದೇವರನ್ನು ನೋಡಿದಳು, ರಿಪೇರಿ ಮಾಡಿಸದೆ ಹಾಗೇ ಉಳಿದಿದ್ದ ನಲ್ಲಿಯನ್ನು ನೋಡಿದಳು.

“ಎಲ್ಲಿಗೆ ಹೋಗ್ತಿದೀಯ, ತರುಣ್?”

ಆ ಕಡೆ ಯಾರೋ ಅಲ್ಲಿನ ಭಾಷೆಯಲ್ಲಿ ಊರುಗಳ ಹೆಸರು ಕೂಗುತ್ತಿದ್ದರು.

“ವಾಟ್?”

“ಎಲ್ಲಿಗೆ ಅಂತ ಕೇಳ್ದೆ ಕಣೋ. ಹೇಳು. ತಡಿ, ಹೇಳೋಕೆ ಮುಂಚೆ ಎಲ್ಲಾದ್ರೂ ಕೂತ್ಕೊ. ನೀರಿದೆಯಾ? ಒಂದು ಗುಟುಕು ಕುಡಿ. ಕುಡಿದ್ಯಾ? ನಗ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ, ಕುಡಿ.”

ಅವನು ನಗಲಿಲ್ಲ. ಬ್ಯಾಗು ನೆಲಕ್ಕಿಟ್ಟ ಸದ್ದು, ಬಾಟಲಿಯ ಮುಚ್ಚಳದ ಸದ್ದು, ನೀರು ಗುಟುಕರಿಸಿದ ಸದ್ದು ಒಂದಾದ ಮೇಲೊಂದು ಕೇಳಿಬಂದವು. ಆಮೇಲೆ ಅವನು ಹೇಳಿದ. ವಿಯೆಂಟಿಯಾನ್‌ನಿಂದ ಪಾಕ್ಸೆ ಎಂಬ ಊರಿಗೆ, ಇಡೀ ರಾತ್ರಿಯ ಬಸ್ಸು, ಒಂದೊಂದು ಹಾಸಿಗೆಗೆ ಇಬ್ಬಿಬ್ಬರು. ಹಿಂದಿನ ವಾರ ಬೆಟ್ಟದೂರಿನಲ್ಲಿ ಜ್ವರ ಬಂದು ಮಲಗಿದ್ದು. ಇಲ್ಲಿನವರು ಅಂಟು ಅನ್ನವನ್ನು ಅಜ್ಜಿಯ ಹಾಗೆ ಕೈಯಲ್ಲೇ ಉಂಡೆ ಮಾಡಿ ತಿನ್ನುವುದು, ಅದಕ್ಕೆ ಚಟ್ನಿಪುಡಿ ಚೆನ್ನಾಗಿ ಹೊಂದಿದ್ದು, ಅದು ಮುಗಿದು ಎಷ್ಟೋ ದಿನವಾದದ್ದು. ಅವನು ಕನ್ನಡ ಇಂಗ್ಲಿಷು ಬೆರೆಸಿ ಉಸಿರು ಬಿಡದೆ ಹೇಳಿದ. ಯಾರಾದರೂ ಕೇಳಲಿ ಎಂದು ಕಟ್ಟಿಟ್ಟುಕೊಂಡು ತಿರುಗುತ್ತಿದ್ದವನಂತೆ. ಅವನೂ ಅಲ್ಲಿ ಒಬ್ಬಂಟಿಯಾಗಿಯೇ ಇದ್ದ ಎಂಬುದು ಪ್ರಭಾಳಿಗೆ ಹೊಳೆದೇ ಇರಲಿಲ್ಲ.

“ಅಮ್ಮ, ಆರ್ ಯು ಕ್ರೈಯಿಂಗ್? ಯಾಕೆ?”

ಅವಳು ಅವನ ಅಪ್ಪ ಹೋದ ಆ ಶನಿವಾರದ್ದನ್ನು ಹೇಳಿದಳು. ಅತ್ತೆಯ ಕಟ್ಟಳೆ, ಮಹಡಿ, ಕುಡಿಯದೆ ಹೋದ ನೀರು, ಎಲ್ಲವನ್ನೂ. ಬಸ್ಸು ಹಾರ್ನು ಹೊಡೆಯಿತು.

“ನಾನೂ ಕೇಳಿದ್ದೆ ಅಮ್ಮ,” ಎಂದ ತರುಣ್.

“ಏನು?”

“ಅಪ್ಪನ್ನ. ಡ್ರೈವ್‌ವೇನಲ್ಲಿ ಬಾಸ್ಕೆಟ್‌ಬಾಲ್ ಆಡ್ತಿದ್ದೆ. ಐ ಆಸ್ಕ್ಡ್ ಹಿಮ್, ವೇರ್ ಆರ್ ಯು ಗೋಯಿಂಗ್. ವಾಷರ್ ಅಂದ್ರು. ಬರ್ತೀಯಾ ಅಂದ್ರು. ನಾನು ಹೋಗ್ಲಿಲ್ಲ.” ಬ್ಯಾಗು ಎತ್ತಿಕೊಂಡ ಸದ್ದು ಕೇಳಿಸಿತು. “ಇಟ್ ವಾಸ್ ನಾಟ್ ಯು, ಅಮ್ಮ.”

“ನೀನೂ ಅಲ್ಲ ಕಂದ,” ಎಂದಳು ಪ್ರಭಾ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಮೇಜಿನ ಮುಂದೆ ಕೂತು ಉಂಡು, ಈ ಮಾತನ್ನು ಇಷ್ಟು ವರ್ಷ ಒಬ್ಬರಿಗೊಬ್ಬರು ಬಚ್ಚಿಟ್ಟಿದ್ದರು. ಬಸ್ಸು ಹೊರಟಿತು, ಫೋನು ಸತ್ತಿತು.

ಆ ಭಾನುವಾರ ಪ್ರಭಾಳಿಗೆ ದಿನ ಎಂಬುದು ಮುಗಿಯಲಿಲ್ಲ. ಕೇಳಿಯಂತೂ ಆಯಿತು, ಇನ್ನು ಬಸ್ಸು ತಲುಪಬೇಕು. ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೆ ಮಷೀನಿಗೆ ಹಾಕಿದಳು. ಫೋನಿನಲ್ಲಿ ಪಾಕ್ಸೆ ಹುಡುಕಿ ಅದರ ನದಿಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಧೈರ್ಯ ಕೈಕೊಟ್ಟಾಗ ಶ್ರೀಕಂಠರ ಫೋಟೋಗೆ ಚೆನ್ನಾಗಿ ಬೈದಳು, ನೀರು ಕುಡಿದು ಹೋಗಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು. ಸಂಜೆಯ ಹೊತ್ತಿಗೆ ಗೋಡೆಗಳನ್ನು ನೋಡಿ ನೋಡಿ ಸಾಕಾಯಿತು. ಹಾಲು ಮುಗಿದಿದೆ ಎಂಬ ನೆವ ಸಿಕ್ಕಿತು. ಕೈಚೀಲ ತೆಗೆದುಕೊಂಡು, ಕೀಲಿ ಹಿಡಿದು, ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಿದ್ದಳು.

ಫೋನು ಟಿಣ್ ಎಂದಿತು. ಮಸುಕು ಬೆಳಗಿನ ಬಸ್‌ಸ್ಟ್ಯಾಂಡಿನ ಒಂದು ಫೋಟೋ. ಮೂಲೆಯಲ್ಲಿ ಪಟ್ಟಿ ಕಟ್ಟಿದ ಮೊಣಕೈ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಹರುಕುಮುರುಕು ಕನ್ನಡ: “ಬಂದೆ ಅಮ್ಮ. ಪಾಕ್ಸೆ. ನೀನು? ನೀನು ಎಲ್ಲಿಗೆ ಹೋಗ್ತೀಯ ಇವತ್ತು?”

ಪ್ರಭಾ ಹೊಸ್ತಿಲ ಮೇಲೆ ನಿಂತು ಅದನ್ನು ಓದಿದಳು. ಎಷ್ಟೋ ವರ್ಷಗಳಿಂದ ಅವಳು ಈ ಬಾಗಿಲಿನಿಂದ ಹೊರಗೆ ಹೋಗಿದ್ದಾಳೆ, ಬಂದಿದ್ದಾಳೆ. ಯಾರೂ ಕೇಳಿರಲಿಲ್ಲ.

ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡಳು. ಬಾಗಿಲು ಮುಚ್ಚಿದಳು. ಊಟದ ಮೇಜಿನ ಮುಂದೆ ಕುರ್ಚಿ ಎಳೆದು ಕೂತು, ಒಂದು ಲೋಟ ನೀರನ್ನು ನಿಧಾನವಾಗಿ ಪೂರ್ತಿ ಕುಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಬರೆಯತೊಡಗಿದಳು: “ಹಾಲು ತರೋಕೆ ಹೋಗ್ತಿದೀನಿ ಕಂದ. ದೂರ ಏನಿಲ್ಲ.”