ಹೂಂ ಅನ್ನದ ಬೆಳಗು

ರಾರಾವಿಯ ಹೊಳೆಯಿಂದ ಎದ್ದ ಮಂಜು ಗದ್ದೆಗಳ ಮೇಲೆ ಇನ್ನೂ ಮಲಗಿತ್ತು. ಹಂಪಮ್ಮನ ಎರಡೆಕರೆ ಕೆಸರುಗದ್ದೆಯಲ್ಲಿ ನೀರು ಆಕಾಶ ಹೊದ್ದು ಸುಮ್ಮನಿತ್ತು. ನಿನ್ನೆ ಕಿತ್ತ ಭತ್ತದ ಸಸಿಕಟ್ಟುಗಳು ಬದುವಿನ ಮೇಲಿದ್ದವು. ಇವತ್ತು ನಾಟಿಯಾಗದಿದ್ದರೆ ಬೇರು ಒಣಗುತ್ತವೆ.

ನಾಟಿಗೆ ಬಂದ ಹನ್ನೊಂದು ಹೆಣ್ಣಾಳುಗಳು ಮಾತ್ರ ಕೆಸರಿಗೆ ಇಳಿದಿರಲಿಲ್ಲ. ಗುಂಪಿನ ಹಿರಿಯಳು ಕೊಟ್ರಬಸಮ್ಮ ಕಂಕುಳಲ್ಲಿ ಹುಂಜ ಹಿಡಿದು ನಿಂತಿದ್ದಳು. ಮೊದಲ ಸಸಿ ಊರುವ ಮುನ್ನ ಊರದೇವತೆ ಸುಂಕಲಮ್ಮನ ಹೆಸರಲ್ಲಿ ಬದುವಿಗೆ ರಕ್ತ ಬೀಳಬೇಕು. ಅದು ಆ ಗುಂಪಿನ ನಡಾವಳಿ; ಬೀಳದಿದ್ದರೆ ಅವ್ವ ಮುನಿದು ಗದ್ದೆಗೆ ಹಾವು ಕಳಿಸುತ್ತಾಳೆಂಬ ಭಯ.

ಹಂಪಮ್ಮನೂ ಅವರದೇ ಕೇರಿಯವಳು. ಆದರೆ ಹೋದ ವೈಶಾಖ ಹುಣ್ಣಿಮೆಗೆ ಬಳ್ಳಾರಿಗೆ ಹೋಗಿ ಬುದ್ಧನಿಗೆ ಶರಣಾಗಿ, ಜೀವ ಕೊಲ್ಲೆ, ಕೊಲ್ಲಿಸೆ ಎಂದು ಮಾತು ಕೊಟ್ಟು ಬಂದಿದ್ದಳು.

"ನೀ ಕೊಯ್ಯಬ್ಯಾಡವಾ," ಎಂದಳು ಕೊಟ್ರಬಸಮ್ಮ. "ಕುಡುಗೋಲು ನಂದು, ಪಾಪಾನೂ ನಂದು. ಗದ್ದಿ ಒಡತಿ ನೀ, ಬರೇ ಹೂಂ ಅನ್ನು."

"ಹೂಂ ಅಂದ್ರ ನಾನ ಕೊಯ್ದಂಗ ಅಲ್ಲೇನಕ್ಕಾ?"

"ಹಂಗಾದ್ರ ಹಾವು ಬಂದ್ರ ನಿನ್ನ ಬುದ್ಧ ಕಾಯ್ತಾನೇನು? ಅಂವ ಕಣ್ಣು ಮುಚ್ಕೊಂಡು ಕುಂತಾನ!"

"ಒಂದ್ ಕಪ್ಪು ಚಾ ಕುಡಿಸಿ ಎಬ್ಬಿಸ್ಕೊಂಡು ಬಾ ಹೋಗವಾ," ಎಂದಳು ಗುಂಪಿನಲ್ಲಿದ್ದ ಸುನಂದಾ. ಎಲ್ಲರೂ ಕಿಸಕ್ಕನೆ ನಕ್ಕರು.

ಹಂಪಮ್ಮನಿಗೂ ನಗು ಬಂತು, ಹಿಂದೆಯೇ ಹೆದರಿಕೆಯೂ. ಹೊತ್ತು ಏರುತ್ತಿತ್ತು. ಒಂದು ಹೂಂ ಅಂದರೆ ಗದ್ದೆ ಉಳಿಯುತ್ತದೆ. ಅದನ್ನು ಅನ್ನದೆ ಅವಳು ಸೀರೆ ಎತ್ತಿ ಕಟ್ಟಿ ಒಬ್ಬಳೇ ಇಳಿದಳು.

ಕೆಸರು ಮೊಣಕಾಲವರೆಗೆ ತಣ್ಣಗೆ ಹಿಡಿದುಕೊಂಡಿತು. ಸಸಿಗೊಮ್ಮೆ ಶರಣು ಎನ್ನುತ್ತ, ಒಂದೊಂದೇ ಊರುತ್ತ ಹಿಂದಕ್ಕೆ ಸರಿದಳು. ನೀರೊಳಗಿನ ಮೋಡಕ್ಕೇ ಬೇರು ಇಳಿಸುತ್ತಿರುವಂತೆ ಅನಿಸಿತು. ತಾನು ನಡೆಯುತ್ತಿದ್ದೇನೋ, ಗದ್ದೆಯೇ ತನ್ನನ್ನು ಒಯ್ಯುತ್ತಿದೆಯೋ ತಿಳಿಯಲಿಲ್ಲ.

"ಹಾವು! ನೋಡ್ರೇ, ಅವ್ವ ಮುನಿದ್ಲು!" ಬದುವಿನಿಂದ ಒಬ್ಬಳು ಕೂಗಿದಳು.

ನೀರುಹಾವೊಂದು ಮೋಡವನ್ನು ಮೆಲ್ಲಗೆ ಸೀಳುತ್ತ ಅವಳತ್ತಲೇ ಬರುತ್ತಿತ್ತು. ಹಂಪಮ್ಮ ಊರಬೇಕಿದ್ದ ಸಸಿಯನ್ನು ಕೈಯಲ್ಲಿ ಹಿಡಿದಂತೆಯೇ ನಿಂತಳು.

"ನಿನಗೂ ಒಳ್ಳೇದಾಗ್ಲಪಾ," ಎಂದಳು.

ಹಾವು ಅವಳನ್ನು ಬಳಸಿ ಹೋಯಿತು. ಅವಳು ಮುಂದಿನ ಸಸಿ ತೆಗೆದುಕೊಂಡಳು.

ಮಂಜು ಕರಗುವ ಹೊತ್ತಿಗೆ ಬದುವಿನಿಂದ ಬೈಗುಳ ಕೇಳಿಸಿತು. "ಏ ಹಂಪಿ, ಸಾಲು ಸೊಟ್ಟ ಆಗ್ಯಾವಲ್ಲೇ! ಒಬ್ಬಾಕಿನ ಎರಡೆಕರೆ ಹಚ್ಚತಾಳಂತ!" ಕೊಟ್ರಬಸಮ್ಮ ಹುಂಜನ ಕಾಲನ್ನು ಬದುವಿನ ಜಾಲಿಗಿಡಕ್ಕೆ ಕಟ್ಟಿದಳು. "ನಿನ್ನ ಬುದ್ಧಗಲ್ಲ ಮತ್ತ, ಒಣಗೋ ಸಸಿ ಮುಖ ನೋಡಿ ಇಳೀತೀನಿ."

"ಬರ್ರಿ ಅಕ್ಕಾ."

ಇಳಿಯುವ ಮುನ್ನ ಕೊಟ್ರಬಸಮ್ಮ ಕಣ್ಣು ಮುಚ್ಚಿ ಸುಂಕಲಮ್ಮನಿಗೆ ಕೈ ಮುಗಿದಳು. ಆ ಕೈ ಬಿಡುವವರೆಗೂ ಹಂಪಮ್ಮ ಸಸಿ ಊರದೆ ಕಾದಳು.